ಅತಿಥಿಯ ಗಡಿಯಾರ, ಆತಿಥೇಯನ ಗಡಿಯಾರ

ಹೊನ್ನಾಳಿಯಲ್ಲಿಯೂ ನ್ಯಾಮತಿಯಲ್ಲಿಯೂ ಸೂರ್ಯನು ನೆತ್ತಿಗೇರುವ ಹೊತ್ತಿಗೆ ನಮ್ಮ ಗಡಿಯಾರಗಳು ಸರಾಸರಿಯಲ್ಲಿ 12 ಗಂಟೆಯ ಮೇಲೆ ಸುಮಾರು 27 ನಿಮಿಷಗಳನ್ನು ತೋರಿಸುತ್ತವೆ. ಪೂರ್ವಕ್ಕಿರುವ ಜಗಳೂರಿನಲ್ಲಿ ಆ ಮಧ್ಯಾಹ್ನವು ಎರಡು ಮೂರು ನಿಮಿಷ ಮುಂಚೆಯೇ ಸಂದಿರುತ್ತದೆ, ಚನ್ನಗಿರಿಯದು ಇವುಗಳ ನಡುವೆ. ಆದರೂ ಈ ನಾಲ್ಕು ಊರುಗಳೂ ತಂತಮ್ಮ ಸೂರ್ಯನನ್ನು ಬದಿಗಿಟ್ಟು, 1906ರಲ್ಲಿ ಜಾರಿಗೆ ಬಂದ, ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ಭಾರತೀಯ ಕಾಲಮಾನವೊಂದನ್ನೇ ಅನುಸರಿಸುತ್ತವೆ. ಒಂದೇ ಜಿಲ್ಲೆಯೊಳಗಿವೆಯೆಂದ ಮಾತ್ರಕ್ಕೆ ಅವುಗಳ ಕಾಲ ತಾನಾಗಿ ಒಂದಾಗಲಿಲ್ಲ. ಒಂದು ಪ್ರಮಾಣಕ್ಕೆ ಎಲ್ಲವೂ ಒಪ್ಪಿಕೊಂಡುದರಿಂದ ಒಂದಾಯಿತು. ಗಣಕಯಂತ್ರಗಳ ವಿಷಯದಲ್ಲಿ ಈ ಸಂಗತಿಯನ್ನು ನಾವು ಮರೆಯುತ್ತೇವೆ.

ವರ್ಚುವಲ್ ಮಷೀನ್ ಎಂಬುದು ಆತಿಥೇಯ ಸರ್ವರಿನ ಒಡಲಲ್ಲಿಯೇ ವಾಸಿಸುವ ಅತಿಥಿಯಾದುದರಿಂದ ಎರಡರ ಗಡಿಯಾರವೂ ಒಂದೇ ಎಂಬುದು ಬಹುಜನರ ನಂಬಿಕೆ. ಸತ್ಯವು ಬೇರೆ. ಒಂದು ಯಂತ್ರದಲ್ಲಿ ಹಲವು ಅತಿಥಿಗಳು ಸರದಿಯಂತೆ ಪ್ರೊಸೆಸರನ್ನು ಹಂಚಿಕೊಳ್ಳುತ್ತಾರೆ. ತನ್ನ ಸರದಿಯಿಲ್ಲದ ಹೊತ್ತಿನಲ್ಲಿ ಅತಿಥಿಗೆ ಪ್ರಜ್ಞೆಯಿರುವುದಿಲ್ಲ, ಟಿಕ್ ಎಂಬ ಕಾಲಸೂಚನೆಗಳನ್ನು ಎಣಿಸಿಯೇ ಹೊತ್ತನ್ನರಿಯುವ ವ್ಯವಸ್ಥೆಯಲ್ಲಿ ಅವು ತಡವಾಗಿ ಬರುತ್ತವೆ ಇಲ್ಲವೆ ನಷ್ಟವಾಗುತ್ತವೆ. ಅತಿಥಿಯನ್ನು ತಡೆದು ನಿಲ್ಲಿಸಿ ಮರುದಿನ ಎಬ್ಬಿಸಿದರಂತೂ, ಯಾರೂ ತಿದ್ದದಿದ್ದಲ್ಲಿ, ಅದು ನಿನ್ನೆಯ ಕ್ಷಣದಿಂದಲೇ ಎಣಿಕೆಯನ್ನು ಮುಂದುವರಿಸೀತು. ಕೆವಿಎಂ ಕ್ಲಾಕ್‌ನಂತಹ ನೂತನ ಉಪಾಯಗಳಿಂದ ಅತಿಥಿಯು ಆತಿಥೇಯನ ಎಣಿಕೆಯನ್ನೇ ನೇರವಾಗಿ ಓದಬಲ್ಲದು ನಿಜ. ಆದರೆ ಆತಿಥೇಯನ ಗಡಿಯಾರವನ್ನು ನಡೆಸುವ ಸ್ಫಟಿಕವು ಹತ್ತು ಲಕ್ಷಕ್ಕೆ ಇಪ್ಪತ್ತು ಪಾಲು ತಪ್ಪಿದರೆ ದಿನಕ್ಕೆ 1.7 ಸೆಕೆಂಡುಗಳ ವ್ಯತ್ಯಾಸವಾಗುವುದಷ್ಟೆ, ಆ ದೋಷವೂ ಅದರೊಡನೆಯೇ ಬರುತ್ತದೆ. ಆದಕಾರಣ ಆತಿಥೇಯನಿಗೂ ಹೊರಗಿನ ಪ್ರಮಾಣವೊಂದು ಬೇಕೇ ಬೇಕು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯವು ಪರಮಾಣು ಗಡಿಯಾರಗಳಿಂದ ದೇಶದ ಕಾಲವನ್ನು ಕಾಯುತ್ತದೆ. ಆ ಪ್ರಯೋಗಾಲಯದ ಅಥವಾ ಸರ್ಕಾರಿ ಗಣಕಜಾಲವನ್ನು ನೋಡಿಕೊಳ್ಳುವ ಎನ್‌ಐಸಿಯ ಎನ್‌ಟಿಪಿ (ಜಾಲದ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ) ಸರ್ವರುಗಳಿಗೆ, ಇಲ್ಲವೆ ಅವುಗಳನ್ನು ಅನುಸರಿಸುವ ಸರ್ವರುಗಳಿಗೆ, ಯಂತ್ರಗಳನ್ನು ಜೋಡಿಸತಕ್ಕದ್ದೆಂದು ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶಿಸಿತು.

ಹಾಗಾದರೆ ಅತಿಥಿಯನ್ನು ಎನ್‌ಟಿಪಿಯೂ ತಿದ್ದಲಿ, ಆತಿಥೇಯನೂ ಆಗಾಗ ತಿದ್ದಲಿ, ಇಮ್ಮಡಿ ರಕ್ಷಣೆಯಾಯಿತೆಂದು ಭಾವಿಸುವವರುಂಟು. ಇದು ಹಿತವೆಂದು ತೋರುವ ಅಹಿತ. ಎನ್‌ಟಿಪಿಯು ಗಡಿಯಾರದ ನಡೆಯನ್ನು ದೀರ್ಘಕಾಲ ಗಮನಿಸಿ ಮೆಲ್ಲನೆ ತಿದ್ದುತ್ತದೆ. ನಡುವೆ ಬೇರೊಂದು ಕೈ ಮುಳ್ಳನ್ನು ಸರಿಸಿದರೆ ಅದರ ಲೆಕ್ಕವೆಲ್ಲ ಕೆಡುತ್ತದೆ. ವರ್ಚುವಲ್ ಮಷೀನ್ ತಂತ್ರಾಂಶ ರೂಪಿಸುವ ವಿಎಂವೇರ್ ಸಂಸ್ಥೆಯು ಅತಿಥಿಯಲ್ಲಿ ಎನ್‌ಟಿಪಿಯನ್ನಿರಿಸಿ, ತನ್ನ ಟೂಲ್ಸ್‌ನ ನಿಯತಕಾಲಿಕ ತಿದ್ದುಪಡಿಯನ್ನು ನಿಲ್ಲಿಸಲು ಸಲಹೆ ಮಾಡುವುದು ಇದಕ್ಕಾಗಿಯೇ. ನಿದ್ರೆಯಿಂದ ಎದ್ದಾಗಿನ ಒಂದು ಬಾರಿಯ ತಿದ್ದುಪಡಿ ಮಾತ್ರ ಉಪಕಾರಿಯೆಂದೇ ನನ್ನ ಮತ; ಆತಿಥೇಯನ ಕಾಲ ಸರಿಯಾಗಿರಬೇಕೆಂಬುದೊಂದೇ ನಿಬಂಧನೆ.

ಗಡಿಯಾರ ಮುಂದೋಡಿದ್ದರೆ ಹಿಂದಕ್ಕೆ ತಿರುಗಿಸಿದರಾಯಿತೆಂಬ ಮಾತು ಎಲ್ಲಕ್ಕಿಂತ ಅಪಾಯಕರ. ಜಮೀನು ದಾಖಲೆಗಳನ್ನು ಗಣಕದಲ್ಲಿಡುವ ನಮ್ಮ ಭೂಮಿ ಯೋಜನೆಯಲ್ಲಿ ಹಕ್ಕು ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲಿಯೇ ವಿಚಾರಿಸಬೇಕೆಂಬ ನಿಯಮವಿದೆ. ಇಂತಹ ಸರದಿಯನ್ನು ಗಡಿಯಾರದ ಸಾಕ್ಷ್ಯದಿಂದ ಗೊತ್ತುಮಾಡುವ ಯಾವುದೇ ವ್ಯವಸ್ಥೆಯಲ್ಲಿ ಕಾಲವು ಹಠಾತ್ತನೆ ಹಿಂದೆ ಸರಿದರೆ, ಬೆಳಗಿನ ಮೊದಲ ಬಸ್ಸಿಗೆ ಬಂದು ನಿಂತ ರೈತನ ಅರ್ಜಿಯು ಆಮೇಲೆ ಬಂದವನ ಅರ್ಜಿಯ ಹಿಂದೆ ಬೀಳಬಹುದು. ಮೆಲ್ಲನೆ ತಿದ್ದುವುದೇ ಕ್ಷೇಮ, ಆದರೆ ಅದು ಬಹು ನಿಧಾನ: ಎನ್‌ಟಿಪಿಯ ರೂಢಿಯ ಮಿತಿ ಸೆಕೆಂಡಿಗೆ ಅರ್ಧ ಮಿಲಿಸೆಕೆಂಡು, ಒಂದು ನಿಮಿಷದ ತಪ್ಪನ್ನು ಹೀಗೆ ಅಳಿಸಲು 33 ಗಂಟೆಗಳಿಗೂ ಮಿಗಿಲು ಹಿಡಿಯುತ್ತದೆ. ದೊಡ್ಡ ತಿದ್ದುಪಡಿಯನ್ನು ಯಂತ್ರವು ಎದ್ದೊಡನೆ, ಕಾರ್ಯಕ್ರಮಗಳು ಆರಂಭವಾಗುವುದಕ್ಕೆ ಮುನ್ನವೇ, ಮುಗಿಸಿಬಿಡಬೇಕು.

ಇನ್ನು, ಅತಿಥಿಯ ಕಾಲವು ಕರಾರುವಾಕ್ಕಾಗಿ 5 ಗಂಟೆ 30 ನಿಮಿಷ ತಪ್ಪಿದ್ದರೆ ಅದನ್ನು ಸ್ಫಟಿಕದ ದೋಷವೆನ್ನಲಾಗದು. ಆತಿಥೇಯನು ಒದಗಿಸಿದ ಸಾರ್ವತ್ರಿಕ ಕಾಲವನ್ನು ಅತಿಥಿಯು ಭಾರತೀಯ ಕಾಲವೆಂದು ಓದಿಕೊಂಡಿರುವುದೇ ಸಾಮಾನ್ಯ ಕಾರಣ. ಆಗ ಮುಳ್ಳನ್ನು ಮುಟ್ಟದೆ ಕಾಲವಲಯದ ಆ ಒಂದು ಏರ್ಪಾಟನ್ನು ಸರಿಪಡಿಸಿದರೆ ಸಾಕು.