ಗುಂಡಿನ ವೇಗ ಅಳೆದ ಮರದ ದಿಮ್ಮಿ

ಬಂದೂಕಿನಿಂದ ಸಿಡಿದ ಗುಂಡಿನ ವೇಗವನ್ನು ನೇರವಾಗಿ ಅಳೆಯಬಲ್ಲ ಗಡಿಯಾರ ಹದಿನೆಂಟನೆಯ ಶತಮಾನದಲ್ಲಿ ಯಾರ ಬಳಿಯೂ ಇರಲಿಲ್ಲ. ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್ 1742ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಹೇಳಿದ. ಭಾರವಾದ ಮರದ ದಿಮ್ಮಿಯನ್ನು ಲೋಲಕದಂತೆ ತೂಗುಹಾಕಿ, ಅದಕ್ಕೆ ಗುಂಡು ಹೊಡೆಯುವುದು. ಗುಂಡು ಮರದೊಳಗೇ ಹೂತುಹೋಗುತ್ತದೆ, ದಿಮ್ಮಿ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತೆಂಬುದನ್ನು ಅದರ ಬುಡಕ್ಕೆ ಕಟ್ಟಿದ ರಿಬ್ಬನ್ ಹೇಳುತ್ತದೆ. ಎಷ್ಟು ಉದ್ದ ಹೊರಗೆಳೆಯಲ್ಪಟ್ಟಿತೋ ಅಷ್ಟು ತೂಗಾಟ.

ಲೆಕ್ಕದ ಸೂಕ್ಷ್ಮ ಇರುವುದು ಇಲ್ಲೇ. 10 ಗ್ರಾಂ ಗುಂಡು ಸೆಕೆಂಡಿಗೆ 400 ಮೀಟರ್ ವೇಗದಲ್ಲಿ ಬಂದು ನಾಟಿತು, ಗುಂಡೂ ದಿಮ್ಮಿಯೂ ಸೇರಿ 2 ಕಿಲೋ ಎಂದುಕೊಳ್ಳೋಣ. ಡಿಕ್ಕಿಯ ಕ್ಷಣದಲ್ಲಿ ಗುಂಡು ದಿಮ್ಮಿಯನ್ನು ಎಷ್ಟು ಬಲದಿಂದ ತಳ್ಳುತ್ತದೋ ದಿಮ್ಮಿಯೂ ಅಷ್ಟೇ ಬಲದಿಂದ ಗುಂಡನ್ನು ತಡೆಯುತ್ತದೆ. ಹಾಗಾಗಿ ಒಟ್ಟು ಸಂವೇಗ, ಅಂದರೆ ದ್ರವ್ಯರಾಶಿ ಮತ್ತು ವೇಗದ ಗುಣಲಬ್ಧ, ಬದಲಾಗದು. ದ್ರವ್ಯರಾಶಿ 200 ಪಟ್ಟಾಯಿತು, ವೇಗ 200ನೇ ಒಂದು ಪಾಲಿಗೆ, ಅಂದರೆ ಸೆಕೆಂಡಿಗೆ 2 ಮೀಟರಿಗೆ ಇಳಿಯಿತು.

ಚಲನಶಕ್ತಿಯ ಕತೆಯೇ ಬೇರೆ. ಬಂದಾಗ 800 ಜೌಲ್ ಇದ್ದದ್ದು ಡಿಕ್ಕಿಯ ನಂತರ ಬರೀ 4 ಜೌಲ್!

ಉಳಿದ 796 ಜೌಲ್ ನಾಶವಾಗಲಿಲ್ಲ. ಮರದ ನಾರುಗಳನ್ನು ಹರಿಯಲು, ಸೀಸದ ಗುಂಡನ್ನು ಚಪ್ಪಟೆ ಮಾಡಲು ಅದು ಖರ್ಚಾಯಿತು. ಬಹುಪಾಲು ಕೊನೆಗೆ ಬಿಸಿಯಾಯಿತು, ಅತ್ಯಲ್ಪ ಪಾಲು ಸದ್ದಾಯಿತು. ಸಂವೇಗಕ್ಕೆ ದಿಕ್ಕಿದೆ, ಬಿಸಿಯಾಗಿ ಚದುರಿ ಅದು ಮಾಯವಾಗಲಾರದು. ಶಕ್ತಿಗೆ ಆ ಕಟ್ಟುಪಾಡಿಲ್ಲ.

ಡಿಕ್ಕಿ ಮುಗಿದ ಮೇಲೆ ನಿಯಮಗಳ ಪಾತ್ರ ಅದಲುಬದಲು. ಮೇಲೇರುವ ದಿಮ್ಮಿಯ ವೇಗವನ್ನು ಗುರುತ್ವ ತಗ್ಗಿಸುವುದರಿಂದ ಈಗ ಸಂವೇಗ ಉಳಿಯುವುದಿಲ್ಲ. ಉಳಿದ 4 ಜೌಲ್ ಮಾತ್ರ ಎತ್ತರವಾಗಿ ಮಾರ್ಪಟ್ಟು ದಿಮ್ಮಿ ಸುಮಾರು 20 ಸೆಂಟಿಮೀಟರ್ ಮೇಲೇರುತ್ತದೆ. ರಾಬಿನ್ಸ್‌ನ ವಿಧಾನ ಈ ದಾರಿಯನ್ನು ಹಿಂದುಮುಂದಾಗಿ ನಡೆಯುತ್ತದೆ: ತೂಗಾಟದಿಂದ ದಿಮ್ಮಿಯ ವೇಗ, ಅದರಿಂದ ಗುಂಡಿನ ವೇಗ. ಈ ಎರಡು ಹೆಜ್ಜೆಗಳನ್ನು ಬೆರೆಸಿ ಶಕ್ತಿಯೊಂದನ್ನೇ ನಂಬಿದರೆ ಉತ್ತರ ಸೆಕೆಂಡಿಗೆ 28 ಮೀಟರ್ ಎಂದು ಬರುತ್ತದೆ. ಅದು ವೇಗದ ಬೌಲರ್ ಎಸೆದ ಚೆಂಡಿಗಿಂತಲೂ ನಿಧಾನ.

ಈ ಉಪಕರಣದ ನಿಜವಾದ ಫಲ ಇನ್ನೂ ದೊಡ್ಡದು. ಲೋಲಕವನ್ನು ಬೇರೆ ಬೇರೆ ದೂರದಲ್ಲಿಟ್ಟು ಗುಂಡು ಹೊಡೆದಾಗ, ವೇಗದ ಗುಂಡಿಗೆ ಗಾಳಿ ಒಡ್ಡುವ ತಡೆ ಅಂದಿನ ಎಣಿಕೆಗಿಂತ ಎಷ್ಟೋ ಹೆಚ್ಚೆಂದು ರಾಬಿನ್ಸ್ ಕಂಡುಕೊಂಡ. ಅದುವರೆಗೆ ಗಾಳಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಗುಂಡಿನ ಹಾದಿ ಪರವಲಯವೆಂದು ಎಣಿಸುತ್ತಿದ್ದ ಫಿರಂಗಿ ಕೋಷ್ಟಕಗಳು ನೆಲಕಚ್ಚಿದವು. ಮಹಾ ಗಣಿತಜ್ಞ ಆಯ್ಲರ್ 1745ರಲ್ಲಿ ಈ ಪುಸ್ತಕವನ್ನು ಜರ್ಮನ್ನಿಗೆ ಅನುವಾದಿಸಿ, ಉದ್ದನೆಯ ಟಿಪ್ಪಣಿಗಳನ್ನೂ ಸೇರಿಸಿದ.