ಮರುಭೂಮಿ ಉತ್ಸವ: ಪ್ರವಾಸಿಗರ ಚೀಲದಲ್ಲಿ ಏನಿರಬೇಕು?

ರಾಜಸ್ಥಾನದ ಪಶ್ಚಿಮ ಭಾಗದಲ್ಲಿ, ಥಾರ್ ಮರುಭೂಮಿಯ ನಡುವೆ ಜೈಸಲ್ಮೇರ್ ನಗರವಿದೆ. 1156ರಲ್ಲಿ ರಾವಲ್ ಜೈಸಲನು ಸ್ಥಾಪಿಸಿದ ಈ ನಗರದ ಕೋಟೆಯು ಹಳದಿ ಮರಳುಗಲ್ಲಿನಿಂದ ನಿರ್ಮಿತವಾಗಿದ್ದು, ಸಂಜೆಯ ಬಿಸಿಲಿನಲ್ಲಿ ಹೊನ್ನಿನಂತೆ ಹೊಳೆಯುತ್ತದೆ. ಆದುದರಿಂದಲೇ ಇದಕ್ಕೆ ‘ಸೋನಾರ್ ಕಿಲಾ’ ಎಂಬ ಹೆಸರು ಬಂದಿದೆ. 2013ರಲ್ಲಿ ಈ ಕೋಟೆಯು ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಮಾಘ ಮಾಸದ ಶುಕ್ಲಪಕ್ಷದಲ್ಲಿ ಇಲ್ಲಿ ರಾಜ್ಯ ಪ್ರವಾಸೋದ್ಯಮ ಇಲಾಖೆಯ ವತಿಯಿಂದ ‘ಮರು ಮಹೋತ್ಸವ’ ಅಥವಾ ಮರುಭೂಮಿ ಉತ್ಸವ ಜರುಗುತ್ತದೆ. ಕನ್ನಡಿಗರು ಭಾರತ ಹುಣ್ಣಿಮೆ ಎಂದು ಕರೆಯುವ ಮಾಘ ಪೂರ್ಣಿಮೆಯಂದು ಇದು ಮುಕ್ತಾಯಗೊಳ್ಳುತ್ತದೆ. ಗಡೀಸರ್ ಕೆರೆಯ ಬಳಿಯಿಂದ ಹೊರಡುವ ಮೆರವಣಿಗೆ, ಒಂಟೆಗಳ ಓಟ, ಪೇಟ ಸುತ್ತುವ ಸ್ಪರ್ಧೆ, ಮೀಸೆಯ ಸ್ಪರ್ಧೆ, ಲಂಗಾ ಮತ್ತು ಮಾಂಗಣಿಯಾರ್ ಕಲಾವಿದರ ಗಾಯನ ಇವು ಉತ್ಸವದ ಪ್ರಮುಖ ಆಕರ್ಷಣೆಗಳು. ಕೊನೆಯ ರಾತ್ರಿಯ ಕಾರ್ಯಕ್ರಮವು ನಗರದಿಂದ ಸುಮಾರು 40 ಕಿ.ಮೀ. ದೂರದ ಸಮ್ ಮರಳು ದಿಬ್ಬಗಳ ಬಳಿ ಬೆಳದಿಂಗಳಲ್ಲಿ ನಡೆಯುವುದು ರೂಢಿ. ಪಂಚಾಂಗವನ್ನು ಅನುಸರಿಸುವ ಕಾರಣ ಉತ್ಸವದ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದುದರಿಂದ ಪ್ರಯಾಣದ ಟಿಕೆಟನ್ನು ಕಾದಿರಿಸುವ ಮುನ್ನ ದಿನಾಂಕ ಹಾಗೂ ಸ್ಥಳಗಳನ್ನು ಇಲಾಖೆಯಿಂದ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಮೊದಲಾದ ನಗರಗಳಿಂದ ಉತ್ಸವಕ್ಕೆ ತೆರಳುವ ಕುಟುಂಬಗಳು ಸಾಮಾನ್ಯವಾಗಿ ಜಾತ್ರೆಗೆ ಹೋಗುವ ಸಿದ್ಧತೆಯನ್ನಷ್ಟೇ ಮಾಡಿಕೊಂಡಿರುತ್ತವೆ. ಆದರೆ ಮರಳುಗಾಡಿನ ವಾತಾವರಣ ಈ ನಗರಗಳ ವಾತಾವರಣಕ್ಕಿಂತ ಭಿನ್ನವಾದುದು. ಶುಷ್ಕ ಗಾಳಿ, ಹಗಲು ರಾತ್ರಿಗಳ ಉಷ್ಣತೆಯ ಅಂತರ ಮತ್ತು ಮರಳು ಈ ಮೂರನ್ನು ಅರಿತುಕೊಂಡರೆ ದಿನವಿಡೀ ನಡೆದಾಡುವಾಗ ಹೆಗಲ ಚೀಲದಲ್ಲಿ ಏನಿರಬೇಕು, ಏನು ಬೇಡ ಎಂಬುದು ತಾನಾಗಿಯೇ ಸ್ಪಷ್ಟವಾಗುತ್ತದೆ.

ನೀರು: ಬಾಯಾರಿಕೆಗೆ ಮುನ್ನವೇ

ಮುಂಬಯಿ ಅಥವಾ ಚೆನ್ನೈನಂತಹ ಕರಾವಳಿ ನಗರಗಳಲ್ಲಿ ಗಾಳಿಯ ತೇವಾಂಶ ಹೆಚ್ಚು. ಅಲ್ಲಿ ಬೆವರು ಮೈಮೇಲೆ ನಿಂತು ಬಟ್ಟೆಯನ್ನು ತೋಯಿಸುತ್ತದೆ. ಮೈ ಬೆವರಿತು, ನೀರು ಕುಡಿಯಬೇಕು ಎಂಬ ಎಚ್ಚರ ತಾನಾಗಿ ಮೂಡುತ್ತದೆ. ಮರುಭೂಮಿಯಲ್ಲಿ ಈ ಎಚ್ಚರಿಕೆ ದೊರೆಯುವುದಿಲ್ಲ. ಬೆವರು ಹೊರಬಂದ ಒಡನೆಯೇ ಒಣಗಾಳಿಗೆ ಆವಿಯಾಗುತ್ತದೆ. ಚರ್ಮ ಒಣಗಿಯೇ ಇರುತ್ತದೆ. ಅದರಲ್ಲೂ ಚಳಿಗಾಲದ ಹಿತವಾದ ಬಿಸಿಲಿನಲ್ಲಿ ಶರೀರವು ನೀರನ್ನು ಕಳೆದುಕೊಳ್ಳುತ್ತಿದೆ ಎಂಬುದು ಗಮನಕ್ಕೇ ಬರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ತಲೆನೋವು, ಆಯಾಸ, ತಲೆಸುತ್ತು ಕಾಣಿಸಿಕೊಂಡಾಗ ಅನೇಕರು ಅದನ್ನು ಪ್ರಯಾಣದ ದಣಿವೆಂದೇ ಭಾವಿಸುತ್ತಾರೆ. ಬಾಯಾರಿಕೆಯ ಅರಿವು ಕಡಿಮೆಯಿರುವ ವೃದ್ಧರಿಗೂ, ಆಟದಲ್ಲಿ ಮೈಮರೆಯುವ ಮಕ್ಕಳಿಗೂ ಅಪಾಯ ಹೆಚ್ಚು.

ಆದಕಾರಣ ಪ್ರತಿಯೊಬ್ಬ ವಯಸ್ಕರೂ ಕನಿಷ್ಠ 1 ಲೀಟರು ನೀರನ್ನು ತಮ್ಮ ಬಳಿಯೇ ಇರಿಸಿಕೊಂಡು, ಅವಕಾಶ ದೊರೆತಲ್ಲೆಲ್ಲ ಮತ್ತೆ ತುಂಬಿಸಿಕೊಳ್ಳಬೇಕು. ಇಡೀ ಕುಟುಂಬದ ನೀರನ್ನು ಒಬ್ಬರೇ ಹೊತ್ತರೆ, ಜನಸಂದಣಿಯಲ್ಲಿ ಅವರು ದೂರವಾದಾಗ ಉಳಿದವರು ತೊಂದರೆಗೆ ಸಿಲುಕುತ್ತಾರೆ. ಬಾಯಾರಿಕೆಗೆ ಕಾಯದೆ ಆಗಾಗ್ಗೆ ಕೆಲವು ಗುಟುಕು ಕುಡಿಯುವುದು ಸರಿಯಾದ ಕ್ರಮ. ಮೂತ್ರವು ಗಾಢ ಹಳದಿ ಬಣ್ಣಕ್ಕೆ ತಿರುಗಿದ್ದರೆ ಶರೀರಕ್ಕೆ ನೀರು ಸಾಲದಾಗಿದೆ ಎಂದು ತಿಳಿಯಬೇಕು.

ಬೆವರಿನೊಂದಿಗೆ ಲವಣಾಂಶವೂ ನಷ್ಟವಾಗುತ್ತದೆ. ಉಪ್ಪು ಬೆರೆಸಿದ ಮಜ್ಜಿಗೆ ಇದಕ್ಕೆ ಉತ್ತಮ ಪರಿಹಾರ. ಜೈಸಲ್ಮೇರಿನಲ್ಲಿ ‘ಛಾಛ್’ ಎಂಬ ಹೆಸರಿನಿಂದ ಅದು ಸುಲಭವಾಗಿ ದೊರೆಯುತ್ತದೆ. ಇದಲ್ಲದೆ ಓ.ಆರ್.ಎಸ್. ಪೊಟ್ಟಣಗಳು ಒಂದೆರಡು ಚೀಲದಲ್ಲಿರಲಿ. ಪೊಟ್ಟಣ ಇಲ್ಲದಿದ್ದಲ್ಲಿ 1 ಲೀಟರು ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ ಹಾಗೂ ಅರ್ಧ ಚಹಾ ಚಮಚ ಉಪ್ಪು ಬೆರೆಸಿ ಬಳಸಬಹುದು. ಉಪ್ಪಿನ ಪ್ರಮಾಣ ಹೆಚ್ಚಾಗದಂತೆ ಎಚ್ಚರ ವಹಿಸಬೇಕು. ರಕ್ತದೊತ್ತಡ ಅಥವಾ ಮೂತ್ರಪಿಂಡದ ತೊಂದರೆಯುಳ್ಳವರು ಹೊರಡುವ ಮುನ್ನವೇ ವೈದ್ಯರ ಸಲಹೆ ಪಡೆಯತಕ್ಕದ್ದು.

ನೀರನ್ನು ತಂಪಾಗಿಡಲು ಮರುಭೂಮಿಯ ಜನ ಬಳಸುತ್ತಾ ಬಂದಿರುವ ‘ಛಾಗಲ್’ ಎಂಬ ದಪ್ಪ ಬಟ್ಟೆಯ ಚೀಲ ಇಲ್ಲಿ ಉಲ್ಲೇಖನೀಯ. ಅದರ ಹೊರಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೀರಿಕೊಳ್ಳುತ್ತದೆ. ನಮ್ಮ ಮಣ್ಣಿನ ಹೂಜಿಯ ತತ್ವವೂ ಇದೇ. ಸಾಧಾರಣ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿದರೂ ಇದೇ ಪರಿಣಾಮ ದೊರೆಯುತ್ತದೆ.

ಉಡುಪು: ಒಂದೇ ದಿನದಲ್ಲಿ ಎರಡು ಋತು

ಉತ್ಸವದ ಕಾಲದಲ್ಲಿ ಹಗಲಿನ ಉಷ್ಣತೆ ಸಾಮಾನ್ಯವಾಗಿ 25 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ರಾತ್ರಿ ಅದು 10 ಡಿಗ್ರಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಕ್ಕೆ ಇಳಿಯುತ್ತದೆ. ಮೋಡವಿಲ್ಲದ ಆಕಾಶ, ತೇವವಿಲ್ಲದ ಗಾಳಿ ಹಾಗೂ ಬೇಗನೆ ಕಾದು ಬೇಗನೆ ತಣಿಯುವ ಮರಳು ಇದಕ್ಕೆ ಕಾರಣ. ಸಂಜೆ ಸುಮಾರು ಆರೂವರೆಗೆ ಸೂರ್ಯ ಮುಳುಗಿದ ನಂತರ ಚಳಿ ಬಹು ಶೀಘ್ರವಾಗಿ ಆವರಿಸುತ್ತದೆ. ಮಧ್ಯಾಹ್ನ ತೆಳು ಅಂಗಿಯಲ್ಲಿ ದಿಬ್ಬಗಳಿಗೆ ಹೊರಟವರು ರಾತ್ರಿ ಸಂಗೀತ ಮುಗಿಯುವ ಮುನ್ನವೇ ನಡುಗುತ್ತಾ ಹಿಂದಿರುಗಬೇಕಾಗುತ್ತದೆ.

ಒಂದೇ ದಪ್ಪ ಕೋಟಿಗಿಂತ, ಒಂದರ ಮೇಲೊಂದು ತೊಡುವ ಎರಡು ಮೂರು ತೆಳು ಉಡುಪುಗಳು ಉಪಯುಕ್ತ. ತೋಳು ಮುಚ್ಚುವ ಸಡಿಲವಾದ ಹತ್ತಿಯ ಅಂಗಿ ಹಗಲಿಗೆ ಸೂಕ್ತ. ಉಣ್ಣೆಯ ಸ್ವೆಟರ್ ಮತ್ತು ಶಾಲು ಚೀಲದಲ್ಲಿರಲಿ. ರಾತ್ರಿಯ ಕಾರ್ಯಕ್ರಮದಲ್ಲಿ ಮರಳಿನ ಮೇಲೆಯೇ ಕುಳಿತುಕೊಳ್ಳಬೇಕಾಗಿ ಬಂದರೆ ಕೆಳಗಿನಿಂದಲೂ ತಣ್ಣಗಾಗುವುದರಿಂದ ಹಾಸಲು ಒಂದು ಚಾದರ ಅಗತ್ಯ. ಸೀರೆ ಉಡುವ ಮಹಿಳೆಯರು ಅದನ್ನು ಕಣಕಾಲಿಗಿಂತ ತುಸು ಮೇಲಕ್ಕೆ ಉಟ್ಟರೆ ದಿಬ್ಬ ಹತ್ತುವುದು ಸುಲಭ.

ತಲೆಗೆ ಹೊದಿಕೆ ಅತ್ಯಗತ್ಯ. ಎಂಟು-ಒಂಬತ್ತು ಮೀಟರು ಉದ್ದದ ಬಟ್ಟೆಯನ್ನು ಸುತ್ತಿ ಕಟ್ಟುವ ರಾಜಸ್ಥಾನಿ ಸಾಫಾ ಕೇವಲ ಅಲಂಕಾರವಲ್ಲ; ಅದರ ಪದರಗಳ ನಡುವಿನ ಗಾಳಿ ತಲೆಯನ್ನು ಬಿಸಿಲಿನಿಂದಲೂ ಚಳಿಯಿಂದಲೂ ಕಾಪಾಡುತ್ತದೆ. ಪ್ರವಾಸಿಗರಿಗೆ ಎರಡು ಮೀಟರಿನ ತೆಳುವಾದ ಹತ್ತಿ ವಸ್ತ್ರ ಅಥವಾ ದೊಡ್ಡ ಪಂಚೆ ಸಾಕು. ಬಿಸಿಲಿನಲ್ಲಿ ಅದು ತಲೆಗೆ ಹೊದಿಕೆ, ಧೂಳೆದ್ದಾಗ ಮೂಗು ಬಾಯಿಗಳಿಗೆ ಮುಸುಕು, ಗಾಯವಾದಾಗ ಪಟ್ಟಿ. ಚೀಲದಲ್ಲಿ ಇಷ್ಟು ಹಗುರವಾದ, ಇಷ್ಟು ಉಪಕಾರಿಯಾದ ವಸ್ತು ಮತ್ತೊಂದಿಲ್ಲ.

ಮರಳು: ಕಾಲು, ಕಣ್ಣು ಮತ್ತು ಕ್ಯಾಮೆರಾ

ಮರಳಿನಲ್ಲಿ ಚಪ್ಪಲಿ ಹೂತುಹೋಗುತ್ತದೆ. ಅದರ ಪಟ್ಟಿಯೂ ಪಾದದ ನಡುವೆ ಸಿಲುಕುವ ಮರಳೂ ಉಜ್ಜಿ ಚರ್ಮ ಕಿತ್ತುಬರುತ್ತದೆ. ಮೊದಲೇ ಬಳಸಿ ಕಾಲಿಗೆ ಹೊಂದಿಕೊಂಡಿರುವ, ಪಾದವನ್ನು ಪೂರ್ಣ ಮುಚ್ಚುವ ಬೂಟು ಮತ್ತು ಕಾಲುಚೀಲ ಉತ್ತಮ. ಹೊಚ್ಚ ಹೊಸ ಬೂಟನ್ನು ಅಂದೇ ತೊಟ್ಟು ಹೊರಡುವುದು ಜಾಣತನವಲ್ಲ. ಈ ಪ್ರದೇಶದಲ್ಲಿ ‘ಭುರಟ್’ ಎಂಬ ಹುಲ್ಲು ಬೆಳೆಯುತ್ತದೆ. ಅದರ ಮುಳ್ಳುಕಾಯಿಗಳು ಒಣಗಿದ ಮೇಲೂ ಬಟ್ಟೆಗೆ, ಕಾಲುಚೀಲಕ್ಕೆ, ಬೆರಳಿಗೆ ಅಂಟಿಕೊಳ್ಳುತ್ತವೆ. ಅವನ್ನು ಕೀಳಲು ಒಂದು ಚಿಕ್ಕ ಚಿಮಟ ಜೊತೆಯಲ್ಲಿದ್ದರೆ ಅನುಕೂಲ.

ಕಣ್ಣಿಗೆ ಕನ್ನಡಕವಿರಲಿ. ಕಣ್ಣಿಗೆ ಮರಳು ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಬೇಕು. ಕಾಂಟ್ಯಾಕ್ಟ್ ಲೆನ್ಸ್ ಧರಿಸುವವರು ಆ ದಿನ ಮಾಮೂಲಿ ಕನ್ನಡಕವನ್ನೇ ಬಳಸುವುದು ಮೇಲು. ಆಸ್ತಮಾ ಉಳ್ಳವರು ಇನ್‌ಹೇಲರನ್ನು ವಸತಿಗೃಹದಲ್ಲಿ ಬಿಡದೆ ಅಂಗಿಯ ಜೇಬಿನಲ್ಲಿಯೇ ಇರಿಸಿಕೊಳ್ಳಬೇಕು. ಕ್ಯಾಮೆರಾ ಮತ್ತು ಮೊಬೈಲ್ ದೂರವಾಣಿಗಳನ್ನು ಬಳಸದಿರುವಾಗ ಮುಚ್ಚಿದ ಚೀಲದಲ್ಲಿಡತಕ್ಕದ್ದು. ಗಾಳಿ ಬೀಸುವಾಗ ಕ್ಯಾಮೆರಾದ ಲೆನ್ಸ್ ಬದಲಿಸಬಾರದು.

ಒಂಟೆಯ ಸವಾರಿ ಮಾಡುವವರು ಒಂದು ವಿಷಯವನ್ನು ನೆನಪಿಡಬೇಕು. ಒಂಟೆ ಮೇಲೇಳುವಾಗ ಮೊದಲು ಹಿಂಗಾಲುಗಳನ್ನು ಎತ್ತುತ್ತದೆ. ಆಗ ಸವಾರರು ಮುಂದಕ್ಕೆ ಬಾಗುವುದರಿಂದ ಮೇಲ್ಜೇಬಿನಲ್ಲಿರುವ ಹಣ, ದೂರವಾಣಿ, ಕನ್ನಡಕ ಕೆಳಗೆ ಬೀಳುತ್ತವೆ. ಮರಳಿನಲ್ಲಿ ಬಿದ್ದ ಚಿಕ್ಕ ವಸ್ತು ಮತ್ತೆ ಸಿಗುವುದು ಅಪರೂಪ. ಅಡ್ಡಲಾಗಿ ತೊಡುವ, ಗುಂಡಿ ಅಥವಾ ಜಿಪ್ ಇರುವ ಚೀಲವಾದರೆ ಎರಡೂ ಕೈಗಳು ತಡಿಯನ್ನು ಹಿಡಿಯಲು ತೆರವಾಗಿರುತ್ತವೆ.

ಕಾಗದಪತ್ರ, ಹಣ, ದೀಪ

ಜೈಸಲ್ಮೇರ್ ಗಡಿ ಜಿಲ್ಲೆ. ಕುಟುಂಬದ ಎಲ್ಲ ವಯಸ್ಕರೂ ಭಾವಚಿತ್ರವುಳ್ಳ ಗುರುತಿನ ಚೀಟಿಯನ್ನು ಹೊಂದಿರಬೇಕು. ಅಂತರರಾಷ್ಟ್ರೀಯ ಗಡಿಗೆ ಸಮೀಪದ ಕೆಲವು ಪ್ರದೇಶಗಳಿಗೆ ತೆರಳಲು ಜಿಲ್ಲಾಡಳಿತದ ಅನುಮತಿ ಅಗತ್ಯವಿರುವುದರಿಂದ, ಉತ್ಸವದ ಆವರಣದಿಂದಾಚೆಗೆ ಹೋಗಬಯಸುವವರು ಮೊದಲೇ ವಿಚಾರಿಸಬೇಕು. ದಿಬ್ಬಗಳ ಕಡೆ ಮೊಬೈಲ್ ಸಂಪರ್ಕ ಎಲ್ಲೆಡೆ ಒಂದೇ ಸಮನಾಗಿರುವುದಿಲ್ಲ. ದೂರವಾಣಿಯ ಮೂಲಕವೇ ಹಣ ಪಾವತಿ ಮಾಡುವ ಅಭ್ಯಾಸವುಳ್ಳವರು ಚಿಕ್ಕ ಮೊತ್ತದ ನೋಟುಗಳನ್ನು ಇರಿಸಿಕೊಳ್ಳುವುದು ಒಳಿತು.

ಹುಣ್ಣಿಮೆಯ ರಾತ್ರಿ ಬೆಳಕಿಗೆ ಕೊರತೆಯಿಲ್ಲವೆಂದು ಟಾರ್ಚನ್ನು ಬಿಟ್ಟು ಹೋಗಬಾರದು. ಗುಡಾರದ ಹಗ್ಗ, ಗೂಟಗಳು ನೆರಳಿನಲ್ಲಿ ಕಾಣಿಸುವುದಿಲ್ಲ. ದಿಬ್ಬಗಳ ಮೇಲೆ ಓಡಾಡುವ ಜೀಪಿನ ಚಾಲಕರಿಗೆ ಏರಿನ ಆಚೆ ನಡೆಯುವವರು ಕಾಣುವುದಿಲ್ಲ. ಟಾರ್ಚು ಅವರಿಗೂ ಸೂಚನೆಯಾಗುತ್ತದೆ. ಹೆಜ್ಜೆಯ ಗುರುತು ಹಿಡಿದು ಹಿಂದಿರುಗಬಹುದೆಂಬ ಭರವಸೆಯೂ ಸಲ್ಲದು; ಗಾಳಿಯು ಅದನ್ನು ಬೇಗನೆ ಅಳಿಸಿಹಾಕುತ್ತದೆ.

ಮಕ್ಕಳ ಜೇಬಿನಲ್ಲಿ ಪೋಷಕರ ದೂರವಾಣಿ ಸಂಖ್ಯೆ ಮತ್ತು ವಸತಿಗೃಹದ ಹೆಸರನ್ನು ಬರೆದ ಚೀಟಿ ಇರಲಿ. ಕನ್ನಡವೊಂದನ್ನೇ ಬಲ್ಲ ಮಗು ದಾರಿ ತಪ್ಪಿದಾಗ ಅಲ್ಲಿನವರಿಗೆ ತನ್ನ ವಿಷಯ ತಿಳಿಸಲಾರದು. ಆದುದರಿಂದ ಈ ಚೀಟಿಯನ್ನು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ ಬರೆಯಬೇಕು. ಹಿಂದಿ ಬಾರದ ವೃದ್ಧರಿಗೂ ಇದೇ ಕ್ರಮ ಅನ್ವಯಿಸುತ್ತದೆ. ತುರ್ತು ಸಂದರ್ಭದಲ್ಲಿ 112, ಆಂಬುಲೆನ್ಸಿಗೆ 108, ಮಕ್ಕಳ ನೆರವಿಗೆ 1098 ಹಾಗೂ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪ್ರವಾಸಿ ಸಹಾಯವಾಣಿ 1363ಕ್ಕೆ ಕರೆ ಮಾಡಬಹುದು.

ಹಿಂದಕ್ಕೆ ತರಬೇಕಾದುದು

ಚೀಲದಲ್ಲಿ ಒಂದು ಖಾಲಿ ಕೈಚೀಲಕ್ಕೂ ಸ್ಥಳವಿರಲಿ. ತಿಂಡಿಯ ಹೊದಿಕೆ, ಬಾಟಲಿ, ಪೊಟ್ಟಣಗಳನ್ನು ಅದರಲ್ಲಿ ತುಂಬಿ ನಗರಕ್ಕೆ ಹಿಂದಿರುಗಿಸಬೇಕು. ಮರಳಿನಲ್ಲಿ ಹೂತ ಪ್ಲಾಸ್ಟಿಕ್ ಕರಗುವುದಿಲ್ಲ. ಗಾಳಿಗೆ ಮತ್ತೆ ಮೇಲೆದ್ದು ಹುಲ್ಲಿನೊಂದಿಗೆ ದನ, ಒಂಟೆಗಳ ಹೊಟ್ಟೆ ಸೇರುತ್ತದೆ. ಸಮ್ ದಿಬ್ಬಗಳಿಗೆ ಹೊಂದಿಕೊಂಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನವು ಅಳಿವಿನ ಅಂಚಿನಲ್ಲಿರುವ ಗ್ರೇಟ್ ಇಂಡಿಯನ್ ಬಸ್ಟರ್ಡ್ ಪಕ್ಷಿಯ ಕೊನೆಯ ಆಸರೆಗಳಲ್ಲೊಂದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಪ್ಪು ಮಣ್ಣಿನ ಬಯಲಿನಲ್ಲಿ ಕನ್ನಡಿಗರು ಎರ್ಲಡ್ಡು ಎಂದು ಗುರುತಿಸುವ ಹಕ್ಕಿಯೂ ಇದೇ.

ವಸತಿಗೃಹದಲ್ಲಿ ನೀರನ್ನು ಮಿತವಾಗಿ ಬಳಸುವುದು ಸಹ ಪ್ರವಾಸಿಗರ ಕರ್ತವ್ಯ. ವರ್ಷಕ್ಕೆ 20 ಸೆಂಟಿಮೀಟರಿಗೂ ಕಡಿಮೆ ಮಳೆ ಬೀಳುವ ಈ ನಾಡಿನಲ್ಲಿ ಜನ ಶತಮಾನಗಳಿಂದ ಮಳೆನೀರನ್ನು ಕೆರೆ ಕುಂಡಗಳಲ್ಲಿ ಹಿಡಿದಿಟ್ಟು ಬದುಕಿದ್ದಾರೆ. ಗಡೀಸರ್ ಕೆರೆಯೂ ನಗರದ ಕುಡಿಯುವ ನೀರಿಗಾಗಿಯೇ ನಿರ್ಮಾಣವಾದುದು.

ಹೊರಡುವ ಮುನ್ನ ನೋಡಿಕೊಳ್ಳಬೇಕಾದ ಪಟ್ಟಿ

1. ನೀರು, ತಲಾ 1 ಲೀಟರು, ಓ.ಆರ್.ಎಸ್. ಪೊಟ್ಟಣಗಳು.
2. ತಲೆಗೆ ಹತ್ತಿಯ ವಸ್ತ್ರ, ಸ್ವೆಟರ್, ಶಾಲು, ಹಾಸಲು ಚಾದರ.
3. ಕನ್ನಡಕ, ತುಟಿ ಮತ್ತು ಚರ್ಮಕ್ಕೆ ಹಚ್ಚಲು ಎಣ್ಣೆ ಅಥವಾ ಮುಲಾಮು.
4. ನಿತ್ಯ ಸೇವಿಸುವ ಔಷಧಿ, ಗಾಯದ ಪಟ್ಟಿ, ಚಿಮಟ.
5. ಗುರುತಿನ ಚೀಟಿ, ಚಿಲ್ಲರೆ ಹಣ, ಮಕ್ಕಳ ಜೇಬಿಗೆ ಚೀಟಿ.
6. ಟಾರ್ಚು, ಪೂರ್ಣ ಚಾರ್ಜಾಗಿರುವ ದೂರವಾಣಿ.
7. ಹುರಿಗಡಲೆ, ಶೇಂಗಾ ಚಿಕ್ಕಿ, ಖರ್ಜೂರದಂತಹ ಕೆಡದ ತಿನಿಸು.
8. ಕಸಕ್ಕಾಗಿ ಖಾಲಿ ಕೈಚೀಲ.

ಬೆಲೆಬಾಳುವ ಒಡವೆ, ಎತ್ತರದ ಹಿಮ್ಮಡಿಯ ಪಾದರಕ್ಷೆ ಹಾಗೂ ಅನಗತ್ಯ ಸಾಮಾನುಗಳನ್ನು ಒಯ್ಯದಿರುವುದೇ ಮೇಲು. ಚೀಲದ ತೂಕ ಮೂರು ಕಿಲೋಗ್ರಾಂ ಮೀರದಿದ್ದರೆ ಮರಳಿನಲ್ಲಿ ನಡೆಯುವುದು ಹಗುರವೆನಿಸುತ್ತದೆ. ಹೊರೆಯನ್ನು ಇಳಿಸಲೇಬೇಕಾಗಿ ಬಂದರೆ ಬೇರೆ ಯಾವುದನ್ನಾದರೂ ಬಿಡಬಹುದು. ನೀರನ್ನು ಮಾತ್ರ ಬಿಡಬಾರದು.