ಕಣ್ಣು ಹಳದಿಯಾಗಲಿ ಎಂದು ಕಾಯಬೇಡಿ

ಕಣ್ಣು ಹಳದಿಯಾದರೆ ದಾವಣಗೆರೆ ಬಳಿಯ ಆನಗೋಡಿನ ಸುತ್ತಮುತ್ತ ಇಂದಿಗೂ ಅನೇಕರು ಮೊದಲು ಹುಡುಕುವುದು ಕಾಮಾಲೆಗೆ ಸೊಪ್ಪಿನ ಔಷಧಿ ಕೊಡುವವರನ್ನು. ಪಥ್ಯ ಮಾಡಿದೆ, ಗುಣವಾಯಿತು ಎನ್ನುವವರ ಮಾತು ಸುಳ್ಳಲ್ಲ. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಸಾಮಾನ್ಯವಾಗಿ ತಾವಾಗಿಯೇ ವಾಸಿಯಾಗುತ್ತವೆ; ಹೆಸರು ಮಾತ್ರ ಔಷಧಿಗೆ ಹೋಗುತ್ತದೆ. ಅದೇ ನಂಬಿಕೆಯನ್ನು ಹೆಪಟೈಟಿಸ್ ಬಿ ಮೇಲೂ ಇಟ್ಟರೆ ಜೀವಕ್ಕೇ ಕುತ್ತು.

ಕಾಮಾಲೆಗೆ ಕೊಡುವ ನೆಲನೆಲ್ಲಿ ಸೊಪ್ಪನ್ನು ವಿಜ್ಞಾನ ಕಡೆಗಣಿಸಿತು ಎಂಬ ದೂರೂ ಸರಿಯಲ್ಲ. ಹೆಪಟೈಟಿಸ್ ಬಿ ವೈರಸ್ಸಿನ ಜಾಡು ಹಿಡಿದು 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಅವರೇ ಮದರಾಸಿನ ವಿಜ್ಞಾನಿಗಳೊಂದಿಗೆ ಸೇರಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದರು. 1988ರ ಆ ವರದಿ ದೊಡ್ಡ ಆಸೆ ಹುಟ್ಟಿಸಿತ್ತು. ಆಮೇಲೆ ಬೇರೆಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಸಿಗಲಿಲ್ಲ.

ಕಣ್ಣು ಬೆಳ್ಳಗಿದೆ, ಹಾಗಾಗಿ ರೋಗವಿಲ್ಲ ಎಂಬುದು ಇನ್ನೂ ದೊಡ್ಡ ತಪ್ಪು. ಈ ವೈರಸ್ ದಶಕಗಟ್ಟಲೆ ಸದ್ದಿಲ್ಲದೆ ಯಕೃತ್ತಿನಲ್ಲಿ ಕೂತು ಸಿರೋಸಿಸ್ಸಿಗೆ, ಕ್ಯಾನ್ಸರಿಗೆ ದಾರಿ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲೇ ಸುಮಾರು 2.98 ಕೋಟಿ ಜನರಲ್ಲಿ ಅದು ನೆಲೆಸಿತ್ತು. ರಕ್ತಪರೀಕ್ಷೆಯಿಲ್ಲದೆ ಅದು ತಿಳಿಯುವುದಿಲ್ಲ.

‘ಇಷ್ಟು ಎಳೇ ಕೂಸಿಗೆ ಈಗಲೇ ಸೂಜಿ ಯಾಕೆ?’ ಎನ್ನುವ ಅಜ್ಜಿಯರ ಕಳಕಳಿ ಅರ್ಥವಾಗುತ್ತದೆ. ಆದರೆ ಅಪಾಯ ಹೆಚ್ಚಿರುವುದೇ ಎಳೇ ಕೂಸಿಗೆ. ಹೆರಿಗೆಯ ಹೊತ್ತಿಗೆ ತಾಯಿಯಿಂದ ಸೋಂಕು ತಗುಲಿದರೆ ನೂರಕ್ಕೆ ಸುಮಾರು 90 ಶಿಶುಗಳಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ; ದೊಡ್ಡವರಲ್ಲಿ 5ಕ್ಕಿಂತ ಕಡಿಮೆ. ಹುಟ್ಟಿದ 24 ಗಂಟೆಯೊಳಗೆ ಲಸಿಕೆ ಹಾಕಿಸುವುದು ಇದಕ್ಕಾಗಿಯೇ. ತೈವಾನ್ 1984ರಲ್ಲೇ ಶಿಶುಗಳಿಗೆ ಲಸಿಕೆ ಕೊಡಲು ಶುರುಮಾಡಿತು. ಅಲ್ಲಿ ಮಕ್ಕಳ ಯಕೃತ್ತಿನ ಕ್ಯಾನ್ಸರೇ ಇಳಿಯಿತು. ಭಾರತದ ಲಸಿಕೆ ಕಾರ್ಯಕ್ರಮ ಕರ್ನಾಟಕಕ್ಕೆ 2007–08ರಲ್ಲಿ ವಿಸ್ತರಿಸಿತು, ಇಡೀ ದೇಶಕ್ಕೆ 2011ರಲ್ಲಿ. ಅಂದರೆ ಇಂದಿನ ತಾಯಂದಿರಲ್ಲಿ ಹೆಚ್ಚಿನವರಿಗೆ ಬಾಲ್ಯದಲ್ಲಿ ಈ ಲಸಿಕೆ ಸಿಕ್ಕಿಲ್ಲ.

ಜೊತೆಗೆ ಉಂಡರೆ, ಅಪ್ಪಿಕೊಂಡರೆ ಈ ಸೋಂಕು ಹರಡದು. ರೋಗಿಯ ತಟ್ಟೆ ಬೇರೆ ಇಡುವುದು ಅವರ ಮನಸ್ಸು ನೋಯಿಸುವುದಷ್ಟೇ. ಹರಡುವುದು ರಕ್ತ, ಲೈಂಗಿಕ ಸಂಪರ್ಕ, ಬಳಸಿದ ಸೂಜಿ, ಹಂಚಿಕೊಂಡ ಬ್ಲೇಡುಗಳಿಂದ. 2009ರಲ್ಲಿ ಗುಜರಾತಿನ ಮೋಡಾಸಾದಲ್ಲಿ ಮರುಬಳಕೆಯ ಸಿರಿಂಜುಗಳೇ ಹಲವರ ಜೀವ ತೆಗೆದವು.

ಸೋಂಕಿದ್ದರೂ ಕೈಚೆಲ್ಲಬೇಕಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಬಸುರಿದ್ದಾಗಲೇ ರಕ್ತ ಪರೀಕ್ಷೆ ಮಾಡಿಸಿ. ಹೆರಿಗೆ ಆನಗೋಡಿನಲ್ಲಾಗಲಿ, ದಾವಣಗೆರೆಯಲ್ಲಾಗಲಿ, ಮನೆಗೆ ಹೊರಡುವ ಮುನ್ನ ತಾಯಿ ಕಾರ್ಡಿನಲ್ಲಿ ಮೊದಲ ದಿನದ ಹೆಪಟೈಟಿಸ್ ಬಿ ಲಸಿಕೆ ದಾಖಲಾಗಿದೆಯೇ ನೋಡಿ. ಇಲ್ಲದಿದ್ದರೆ ಕೇಳಿ ಹಾಕಿಸಿ. ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿನ, ಇದೇ ರಕ್ಷಣೆಯೂ ಸೇರಿರುವ ಪೆಂಟಾವೇಲೆಂಟ್ ಲಸಿಕೆಯನ್ನೂ ತಪ್ಪಿಸಬೇಡಿ.